ಜಗ್ಗಬ್ಯಾಡ, ಹಾಸು

ಟ್ರಂಕಿನ ತಳದಲ್ಲಿ, ಹಳೆಯ ದುಪ್ಪಟಿಯ ಮಡಿಕೆಯೊಳಗೆ ನನ್ನ ಗಿಳಿ ಇನ್ನೂ ಇದೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಹೊಲಿಗೆಯ ತಾಸಿನಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಗಿಳಿ. 60 ಮನೆ ಎತ್ತರ, 40 ಮನೆ ಅಗಲ. ಮನೆ ಅಂದರೆ ಆ ಬಟ್ಟೆಯ ನೇಯ್ಗೆಯಲ್ಲೇ ಮೂಡಿರುವ ಪುಟ್ಟ ಚೌಕ. ಚೌಕಾಬಾರದ ಮನೆಯ ಹಾಗೆ ಒಂದೊಂದಕ್ಕೂ ನಾಲ್ಕು ಮೂಲೆ, ಮೂಲೆಗೊಂದು ತೂತು. ಈ ಮೂಲೆಯಿಂದ ಎದುರು ಮೂಲೆಗೆ ಒಂದು ಓರೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಓರೆ ಬಂದರೆ ಒಂದು ಮನೆ ತುಂಬಿತು. ಎರಡು ತಿಂಗಳು ಹೀಗೆ ಮನೆ ತುಂಬುತ್ತ ಹೋದೆ. ಹಸಿರು ಮೈ, ಕೆಂಪು ಕೊಕ್ಕು, ಕೊರಳಿಗೆ ಗುಲಾಬಿ ಪಟ್ಟಿ, ಕೂರಲು ಒಂದು ಕಂದು ಟೊಂಗೆ. ಮೇಲಿನ ಓರೆಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದವು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಮೈಯ ಹಸಿರೆಲ್ಲ ಒಂದೇ ಹದದಲ್ಲಿ ಹೊಳೆಯುತ್ತಿತ್ತು.

ಉಳಿದದ್ದು ಗೆರೆ. ಕ್ರಾಸ್ ಸ್ಟಿಚ್ಚಿನಲ್ಲಿ ಚಿತ್ರವೆಲ್ಲ ಚೌಕಗಳಿಂದಲೇ ಆಗಬೇಕಾದ್ದರಿಂದ ಗಿಳಿಯ ಬೆನ್ನಿನ ಬಾಗು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೊಕ್ಕು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಅದಕ್ಕೇ ಎಲ್ಲ ಮನೆಗಳೂ ತುಂಬಿದ ಮೇಲೆ ಅಂಚಿಗೆ ಬ್ಯಾಕ್ ಸ್ಟಿಚ್ಚಿನ ಗೆರೆ ಹಾಕುತ್ತಾರೆ. ಆ ಗೆರೆ ಬಿದ್ದ ಕೂಡಲೇ ಬಣ್ಣದ ಗುಪ್ಪೆ ಗಿಳಿಯಾಗುತ್ತದೆ. ನಾನು ಎರಡು ಎಳೆ ಕಪ್ಪು ದಾರ ಪೋಣಿಸಿ, ಒಂದೇ ಸಂಜೆ ಕೂತು, ಪ್ರತಿ ಹೊಲಿಗೆಯನ್ನೂ ಬಿಗಿಯಾಗಿ ಎಳೆದು ಮುಗಿಸಿದೆ. ಬಿಗಿಯಾದಷ್ಟೂ ಅಚ್ಚುಕಟ್ಟು ಎಂಬುದು ನನ್ನ ನಂಬಿಕೆಯಾಗಿತ್ತು. ಮುಗಿದಾಗ ಬಟ್ಟೆ ಗೆರೆಯುದ್ದಕ್ಕೂ ಸುಕ್ಕುಗಟ್ಟಿತ್ತು. ಹಸಿರು ಕ್ರಾಸುಗಳು ಅಂಚಿನಲ್ಲಿ ಹಿಸುಕಿಕೊಂಡು ಒಳಗೆ ಸರಿದಿದ್ದವು, ತೂತುಗಳು ಬಾಯಿ ಬಿಟ್ಟಿದ್ದವು. ಬಾಲದಿಂದ ಕಾಲಿಗೆ ಹಿಂಬದಿಯಲ್ಲೇ ಹಾರಿಸಿದ್ದ ಕಪ್ಪು ದಾರ ಬಿಳಿ ಬಟ್ಟೆಯ ಮೂಲಕ ಸಣ್ಣ ನರದ ಹಾಗೆ ಕಾಣುತ್ತಿತ್ತು.

ಧಾರವಾಡದ ನಮ್ಮ ಮನೆಯಲ್ಲಿ ಸೂಜಿಯ ವಿಷಯಕ್ಕೆ ಅತ್ಯಾನ ಮಾತೇ ಕೊನೆ. ಅಪ್ಪನ ಅಕ್ಕ ಆಕೆ. ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯ ಕಿಟಕಿಯ ಪಕ್ಕ ಕಸೂತಿಗೆ ಕೂತರೆ ನಾಲ್ಕರ ಚಹಾದ ತನಕ ಏಳುತ್ತಿರಲಿಲ್ಲ. ನಾನು ಗಿಳಿಯನ್ನು ಕೊಟ್ಟಾಗ ಮುಂದುಗಡೆ ನೋಡುವ ಮೊದಲೇ ತಿರುವಿ ಹಿಂದುಗಡೆ ನೋಡಿದಳು. ಆಮೇಲೆ ಮುಂದಿನ ಗೆರೆಯ ಮೇಲೆ ಬೆರಳಾಡಿಸಿದಳು.

“ಗಿಳಿ ಛಂದ ಕೂತದ ಪುಟ್ಟಿ. ಗೆರಿ ಅದರ ಉಸಿರು ಕಟ್ಟಿಸ್ಯದ,” ಅಂದಳು. “ಎಳಿ ಜಗ್ಗಬ್ಯಾಡ, ಹಾಸು.”

ಆ ಎರಡು ಪದಗಳ ಅರ್ಥ ನನ್ನ ಕೈಗೆ ಬರಲು ವರ್ಷಗಳು ಬೇಕಾದವು. ನಮ್ಮ ಭಾಷೆಯಲ್ಲಿ ಗೆರೆಯನ್ನು ಎಳೆಯುತ್ತೇವೆ, ದಾರದ ಒಂದು ಕೂದಲಿಗೂ ಎಳೆ ಅನ್ನುತ್ತೇವೆ. ಎರಡಕ್ಕೂ ಒಂದೇ ಮಾತಿರುವಾಗ ಕೈ ತಾನಾಗಿಯೇ ಎಳೆಯಲು ಹೋಗುತ್ತದೆ. ಹಾಸುವುದು ಬೇರೆಯ ಕೆಲಸ. ಚಾಪೆ ಹಾಸುತ್ತೇವೆ, ಮಗುವಿಗೆ ಬಟ್ಟೆ ಹಾಸುತ್ತೇವೆ. ಹಾಸಿದ ವಸ್ತು ತನ್ನ ಭಾರಕ್ಕೆ ತಾನು ನೆಲಕ್ಕೆ ಒರಗಿ ನಿಲ್ಲುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಟ್ಟ ನೂಲಿಗೂ ಹಾಸು ಎಂದೇ ಹೆಸರು, ಅಡ್ಡ ಬರುವುದು ಹೊಕ್ಕು. ಸೂಜಿಯ ಪ್ರತಿ ಹೊಲಿಗೆಯಲ್ಲೂ ಈ ಎರಡೂ ಇವೆ. ತೂತಿಗೆ ಹೊಕ್ಕುವುದು ಒಂದು ಕ್ಷಣ, ಬಟ್ಟೆಯ ಮೇಲೆ ಹಾಸಿಕೊಂಡಿರುವುದು ಆಮೇಲಿನ ಕಾಲವೆಲ್ಲ. ಗೆರೆಯ ಚೆಲುವು ಈ ಎರಡನೆಯದರಲ್ಲಿದೆ.

ಅತ್ಯಾ ಮೊದಲು ಕಲಿಸಿದ್ದು ದಾರವನ್ನು ಬಿಡಿಸುವುದು. ಕಸೂತಿಯ ದಾರದ ಲಡಿಯಲ್ಲಿ ಆರು ಎಳೆ ಸೇರಿರುತ್ತವೆ. ಒಂದು ಇಂಚಿಗೆ 14 ಮನೆ ಇರುವ ಬಟ್ಟೆಯಲ್ಲಿ ಕ್ರಾಸಿಗೆ ಎರಡು ಎಳೆ ಸರಿ. ಗೆರೆಗೆ ಒಂದೇ ಸಾಕು. ಅಲ್ಲಿ ಒಂದು ಮನೆಯ ಅಗಲ ಎರಡು ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟು ಸಣ್ಣ ಜಾಗದಲ್ಲಿ ಎರಡು ಎಳೆಯ ಗೆರೆ ಅಂಚನ್ನು ತೋರಿಸುವ ಬದಲು ಮನೆಯನ್ನೇ ನುಂಗುತ್ತದೆ. ಬೇಕಾದ ಒಂದು ಎಳೆಯ ತುದಿ ಹಿಡಿದು ಮೇಲಕ್ಕೆ ನೇರವಾಗಿ ಎತ್ತಬೇಕು. ಉಳಿದ ಐದೂ ಕೆಳಗೆ ಮುದುಡಿಕೊಳ್ಳುತ್ತವೆ, ಎತ್ತಿದ ಎಳೆ ಸಿಕ್ಕಿಲ್ಲದೆ ಹೊರಬರುತ್ತದೆ. ಬಾಯಿಯಲ್ಲಿ ಹಿಡಿದು ಎರಡು ಪಾಲಾಗಿ ಸೀಳಿದರೆ ನಡುವೆ ಗೋಜಲಾಗುತ್ತದೆ. ಉದ್ದ ಒಂದು ಮೊಳ. ಅದಕ್ಕಿಂತ ಉದ್ದವಾದರೆ ಅದೇ ದಾರ ತೂತಿನಿಂದ ತೂತಿಗೆ ಅಷ್ಟು ಸಲ ಉಜ್ಜಿ ಕೊನೆಗೆ ನವಿರೇಳುತ್ತದೆ. ನವಿರೆದ್ದ ಎಳೆಯಿಂದ ತೆಳುವಾದ ಗೆರೆ ಬರುವುದಿಲ್ಲ.

ಸೂಜಿ ಮೊಂಡು ತುದಿಯದಿರಬೇಕು. ಚೂಪು ಸೂಜಿ ಪಕ್ಕದ ಹಸಿರು ದಾರವನ್ನು ಚುಚ್ಚಿ ಸೀಳುತ್ತದೆ, ಮೊಂಡು ಸೂಜಿ ಅದನ್ನು ಸರಿಸಿ ದಾರಿ ಮಾಡಿಕೊಳ್ಳುತ್ತದೆ. 14ರ ಬಟ್ಟೆಗೆ 24ನೇ ನಂಬರಿನ ಸೂಜಿ, ಇನ್ನೂ ಸಣ್ಣ ಮನೆಯ ಬಟ್ಟೆಗೆ 26. ಸೂಜಿಯ ನಂಬರು ದೊಡ್ಡದಾದಷ್ಟೂ ಸೂಜಿ ತೆಳ್ಳಗೆ. ಬಟ್ಟೆಯನ್ನು ರಿಂಗಿಗೆ ಹಾಕಿ, ಬೆರಳಲ್ಲಿ ತಟ್ಟಿದರೆ ಸಣ್ಣಗೆ ಸದ್ದು ಬರುವಷ್ಟು ಬಿಗಿ ಮಾಡಬೇಕು. ಬಿಗಿ ಇರಬೇಕಾದದ್ದು ಬಟ್ಟೆ, ದಾರ ಅಲ್ಲ. ನಾನು ಗಿಳಿಗೆ ಮಾಡಿದ್ದು ಸರಿಯಾಗಿ ಇದರ ತಿರುಗಾಮುರುಗಾ. ಬಟ್ಟೆಯನ್ನು ಕೈಯಲ್ಲಿ ಸಡಿಲ ಹಿಡಿದು ದಾರವನ್ನು ಬಿಗಿದಿದ್ದೆ.

ಆಮೇಲೆ ನಡಿಗೆ. ಸಾಲಾಗಿರುವ ತೂತುಗಳನ್ನು 1, 2, 3 ಎಂದುಕೊಳ್ಳಿ. ಸೂಜಿ 2ರಲ್ಲಿ ಮೇಲೇಳುತ್ತದೆ, ಹಿಂದೆ ಸರಿದು 1ರಲ್ಲಿ ಇಳಿಯುತ್ತದೆ. ಬಟ್ಟೆಯ ಕೆಳಗೇ ಎರಡು ಮನೆ ದಾಟಿ 3ರಲ್ಲಿ ಏಳುತ್ತದೆ, ಮತ್ತೆ 2ಕ್ಕೆ ಬಂದು ಇಳಿಯುತ್ತದೆ. ಏಳುವ ತೂತಿನಲ್ಲಿ ಗೆರೆಯ ದಾರ ಇನ್ನೂ ಬಂದಿರುವುದಿಲ್ಲ, ಇಳಿಯುವ ತೂತಿನಲ್ಲಿ ಆಗಲೇ ಬಂದಿರುತ್ತದೆ. ಈ ಕ್ರಮಕ್ಕೆ ಬಲವಾದ ಕಾರಣವಿದೆ. ಕೆಳಗಿನಿಂದ ಬರುವ ಸೂಜಿ ಕುರುಡು. ದಾರವಿರುವ ತೂತಿಗೆ ಅದು ಎದ್ದರೆ ಆ ದಾರವನ್ನೇ ಸೀಳಿ ಜುಂಗನ್ನು ಮೇಲಕ್ಕೆ ತರುತ್ತದೆ. ಮೇಲಿನಿಂದ ಇಳಿಯುವ ಸೂಜಿಯನ್ನು ಕಣ್ಣು ನೋಡುತ್ತಿರುತ್ತದೆ. ಹಳೆಯ ದಾರದ ಪಕ್ಕಕ್ಕೆ ಅದನ್ನು ಜಾರಿಸಬಹುದು, ಎದ್ದ ನವಿರೂ ಅದರ ಜೊತೆಗೆ ಒಳಗೆ ಹೋಗುತ್ತದೆ.

ಇಳಿಸಿದ ಮೇಲಿನ ಗಳಿಗೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಹಿಂಬದಿಯಿಂದ ದಾರವನ್ನು ಮೆಲ್ಲಗೆ ತೆಗೆಯುತ್ತ ಹೋದರೆ ಮುಂದಿನ ಕುಣಿಕೆ ಚಿಕ್ಕದಾಗುತ್ತ, ಆಗುತ್ತ, ಬಟ್ಟೆಗೆ ತಾಗುತ್ತದೆ. ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಒಂದು ಕೂದಲಿನಷ್ಟು ತೆಗೆದರೂ ಅದು ಜಗ್ಗಿದಂತೆ. ಅತ್ಯಾ ನನ್ನ ಎಡಗೈಯ ಹೆಬ್ಬೆರಳನ್ನು ಗೆರೆಯ ಮೇಲೆ ಇಡಿಸಿ, ದಾರ ಉಗುರಿನ ಕೆಳಗೆ ಬಂದು ಮಲಗುವುದನ್ನು ತಿಳಿಸಿದ್ದಳು. ಹತ್ತು ಹೊಲಿಗೆಗೊಮ್ಮೆ ರಿಂಗನ್ನು ಎತ್ತಿ ಹಿಡಿದು ಸೂಜಿಯನ್ನು ಗಾಳಿಯಲ್ಲಿ ಬಿಟ್ಟುಬಿಡು ಅನ್ನುತ್ತಿದ್ದಳು. ಹೊಲಿಯುತ್ತ ಹೊಲಿಯುತ್ತ ಎಳೆಗೆ ಹುರಿ ಏರಿರುತ್ತದೆ. ತೂಗುವ ಸೂಜಿ ಗಿರಗಿರನೆ ತಿರುಗಿ ಆ ಹುರಿಯನ್ನೆಲ್ಲ ಬಿಟ್ಟುಕೊಟ್ಟು ನಿಲ್ಲುತ್ತದೆ. ಹುರಿ ಏರಿದ ಎಳೆ ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪಗೆ ಬೀಳುತ್ತದೆ. ಹುರಿ ಇಳಿದದ್ದು ಒಂದೇ ಸಮ ಹಾಸಿಕೊಳ್ಳುತ್ತದೆ.

ನೇರ ಗೆರೆಯಲ್ಲಿ ಒಂದೊಂದು ಮನೆಗೆ ಒಂದೊಂದು ಹೊಲಿಗೆ. ಬೇಗ ಮುಗಿಯಲೆಂದು ನಾಲ್ಕು ಮನೆಯನ್ನು ಒಂದೇ ನೆಗೆತಕ್ಕೆ ದಾಟಿದರೆ ನಡುವೆ ದಾರ ಜೋಲುತ್ತದೆ, ಬಳೆಗೆ ಸಿಕ್ಕುತ್ತದೆ. ಬಾಗಿನಲ್ಲಿ ಚಿಕ್ಕ ಹೊಲಿಗೆಗಳೇ ಬೇಕು, ಬಾಗನ್ನು ಹಿಡಿಯುವುದು ಅವೇ. ಕೊಕ್ಕಿನ ಕೆಳಗಿನ ಓರೆಯಂಥ ಕಡೆ, ಒಂದು ಮನೆ ಅಡ್ಡ ಮೂರು ಮನೆ ಕೆಳಗೆ ಹೋಗಬೇಕಾದಲ್ಲಿ, ನಡುವೆ ತೂತೇ ಇರುವುದಿಲ್ಲ. ಅಲ್ಲಿ ಒಂದೇ ಉದ್ದನೆಯ ಹೊಲಿಗೆ ಹಾಕಿ, ಅದನ್ನು ಬೇರೆಲ್ಲಕ್ಕಿಂತ ಹಗುರವಾಗಿ ಬಿಡಬೇಕು. ಮೂಲೆಯಲ್ಲಿ ಎರಡೂ ಕಡೆಯ ಹೊಲಿಗೆ ಒಂದೇ ತೂತಿಗೆ ಬಂದು ಸೇರಬೇಕು. ಒಂದು ನೂಲಿನಷ್ಟು ಆಚೆ ಬಿದ್ದರೂ ಮೂಲೆ ಮೊಂಡಾಗುತ್ತದೆ.

ದಾರಕ್ಕೆ ಗಂಟು ಹಾಕಬಾರದು. ಗಂಟು ಹಿಂಬದಿಯಲ್ಲಿದ್ದರೂ ಚಿತ್ರಕ್ಕೆ ಕಟ್ಟು ಹಾಕಿಸಿದಾಗ ಮುಂದೆ ಗುಬುಟಾಗಿ ಎದ್ದು ಕಾಣುತ್ತದೆ. ಒಂದು ಇಂಚಿನಷ್ಟು ಬಾಲ ಬಿಟ್ಟು, ಅದನ್ನು ಹಿಂಬದಿಯ ನಾಲ್ಕೈದು ಹೊಲಿಗೆಗಳ ಕೆಳಗೆ ನುಸುಳಿಸಿದರೆ ಸಾಕು, ಎಷ್ಟು ಒಗೆದರೂ ಬಿಡುವುದಿಲ್ಲ. ಕಡುಬಣ್ಣದ ದಾರವನ್ನು ಖಾಲಿ ಬಟ್ಟೆಯ ಹಿಂದೆ ಹಾಯಿಸಬಾರದು. ಅಲ್ಲಿಗೇ ಮುಗಿಸಿ, ಕತ್ತರಿಸಿ, ಬೇರೆ ಕಡೆ ಹೊಸದಾಗಿ ಶುರು ಮಾಡಬೇಕು. ಬೆರಳಗಲ ದಾರ ಉಳಿಸಲು ಹೋಗಿಯೇ ನಾನು ಗಿಳಿಯ ಬಿಳಿ ಬಟ್ಟೆಯಲ್ಲಿ ನರ ಮೂಡಿಸಿದ್ದೆ.

ಬಣ್ಣದ ಬಗ್ಗೆ ಆಕೆ ಹೇಳಿದ ಮಾತು ನಾನು ಚಿತ್ರ ನೋಡುವ ರೀತಿಯನ್ನೇ ಬದಲಿಸಿತು. “ಗಿಳಿಗೆ ಕರಿ ಗೆರಿ ದೇವರು ಎಲ್ಲಿ ಕೊಟ್ಟಾನ, ತೋರಸು,” ಅಂದಿದ್ದಳು. ಹಿತ್ತಲ ಪೇರಲ ಗಿಡಕ್ಕೆ ಬರುತ್ತಿದ್ದ ಗಿಳಿಗಳನ್ನು ಮರುದಿನ ನೋಡುತ್ತ ಕೂತೆ. ಕೊರಳ ಪಟ್ಟಿಯಲ್ಲಿ ಕಪ್ಪಿತ್ತು, ಕಣ್ಣಲ್ಲಿತ್ತು. ಮೈ ಮುಗಿದು ಎಲೆ ಶುರುವಾಗುವಲ್ಲಿ ಇದ್ದದ್ದು ಅದೇ ಹಸಿರಿನ ಇನ್ನೊಂದು ಗಾಢ ಛಾಯೆ ಮಾತ್ರ. ಹಸಿರು ಮೈಗೆ ಕಡು ಹಸಿರು ಗೆರೆ, ಕೆಂಪು ಕೊಕ್ಕಿಗೆ ಕಂದುಗೆಂಪು ಗೆರೆ ಹಾಕಿದರೆ ಅಂಚು ಬೇಲಿಯಾಗದೆ ಮೈಯ ನೆರಳಾಗುತ್ತದೆ. ಕಪ್ಪನ್ನು ಕಣ್ಣಿಗೂ ಉಗುರಿಗೂ ಉಳಿಸಿಟ್ಟರೆ ಆ ಎರಡು ಜಾಗ ಜೀವಂತವಾಗಿ ಕಾಣುತ್ತವೆ.

ಆದರೆ ಅತ್ಯಾನ ಸ್ವಂತ ಕೆಲಸದಲ್ಲಿ ಬ್ಯಾಕ್ ಸ್ಟಿಚ್ಚೇ ಇರಲಿಲ್ಲ. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಅಂದರೆ ನಮ್ಮ ಕ್ರಾಸ್ ಸ್ಟಿಚ್ಚೇ. ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ನೇಗಿಯದು ನೇಯ್ದಂತೆ ಕಾಣುವ ಕಚ್ಚಾ ಹೊಲಿಗೆ. ಮುರ್ಗಿ ಮೆಟ್ಟಿಲಿನ ಹಾಗೆ ಮುರಿದು ಮುರಿದು ಏರುತ್ತದೆ. ಗವಂತಿಯದು ಗೆರೆ. ಇಲ್ಲಿ ಸೂಜಿ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂದು ಬಿಟ್ಟು ಬಿಟ್ಟು ಕೊನೆಯ ತನಕ ಹೋಗುತ್ತದೆ. ಅದೇ ದಾರಿಯಲ್ಲಿ ಹಿಂತಿರುಗುತ್ತ ಬಿಟ್ಟ ಮನೆಗಳನ್ನು ತುಂಬುತ್ತದೆ. ಬ್ಯಾಕ್ ಸ್ಟಿಚ್ಚಿನಲ್ಲಿ ಮುಂದೆ ಒಂದು ಮನೆಯ ದಾರ, ಹಿಂದೆ ಎರಡು ಮನೆಯ ದಾರ. ಹಾಗಾಗಿ ಅದರ ಬೆನ್ನು ಹಗ್ಗ ಹೊಸೆದಂತೆ ದಪ್ಪ. ಗವಂತಿಗೆ ಬೆನ್ನೇ ಇಲ್ಲ, ಎರಡೂ ಕಡೆ ಮುಖ.

ಎರಡು ಮುಖ ಏಕೆ ಬೇಕಾಯಿತು ಎಂಬುದು ಸೆರಗನ್ನು ನೆನೆದರೆ ತಿಳಿಯುತ್ತದೆ. ಇಳಕಲ್ ಸೀರೆಯ ಸೆರಗನ್ನು ಹೆಗಲ ಮೇಲೆ ಹೊದ್ದಾಗ, ತಲೆಯ ಮೇಲೆ ಎಳೆದುಕೊಂಡಾಗ, ಸೊಂಟಕ್ಕೆ ಸಿಕ್ಕಿಸಿದಾಗ ಅದರ ಹಿಂದುಮುಂದು ಎರಡೂ ಊರಿಗೆ ಕಾಣುತ್ತವೆ. ಅಲ್ಲಿ ಹಾಕಿದ ಗೋಪುರ, ತೇರು, ಅಂಬಾರಿ ಆನೆ, ನವಿಲು, ತುಳಸಿ ಬೃಂದಾವನ ಯಾವ ಕಡೆ ತಿರುಗಿದರೂ ಸರಿಯಾಗಿಯೇ ಇರಬೇಕು. ಇದೇ ಅಗತ್ಯ ಇದೇ ಹೊಲಿಗೆಯನ್ನು ದೂರದ ಯುರೋಪಿನಲ್ಲೂ ಹುಟ್ಟಿಸಿತು. ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿ ಬಿಳಿ ನಾರಗಸೆ ಬಟ್ಟೆಯ ಮೇಲೆ ಕಪ್ಪು ರೇಷ್ಮೆಯ ಕಸೂತಿ ಹಾಕುತ್ತಿದ್ದರು. ಕೊರಳಪಟ್ಟಿ, ತೋಳಿನ ಅಂಚಿನ ನೆರಿಗೆಗಳ ಒಳಮೈಯೂ ಕಾಣುತ್ತಿದ್ದುದರಿಂದ ಗೆರೆ ಎರಡೂ ಕಡೆ ಒಂದೇ ಆಗಿರಬೇಕಿತ್ತು. ಆ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ 1536–37ರಲ್ಲಿ ಬರೆದ ರಾಣಿ ಜೇನ್ ಸೀಮೋರಳ ಭಾವಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಆಕೆಯ ಮುಂಗೈಯ ನೆರಿಗೆಯ ಮೇಲೆ ಆ ಕಪ್ಪು ಕಸೂತಿ ಕಾಣುತ್ತದೆ. ಇಂಥ ಕಸೂತಿಯನ್ನು ಅವನು ಅಷ್ಟು ನಿಖರವಾಗಿ ಬರೆದನೆಂದೇ ಗವಂತಿಯ ಹೊಲಿಗೆಗೆ ಇಂಗ್ಲಿಷಿನಲ್ಲಿ ‘ಹೋಲ್ಬೈನ್ ಸ್ಟಿಚ್’ ಎಂಬ ಹೆಸರು ನಿಂತಿತು. ಸೂಜಿ ಹಿಡಿದ ಕೈಗಳ ಹೆಸರು ಮಾತ್ರ ಅಲ್ಲೂ ಉಳಿಯಲಿಲ್ಲ, ಇಲ್ಲೂ ಉಳಿಯಲಿಲ್ಲ. ಇಲ್ಲಿ ಹೊಲಿಗೆಗಳಿಗಾದರೂ ಆ ಕೈಗಳೇ ಇಟ್ಟ ಹೆಸರುಗಳು ಉಳಿದವು: ಮೆಂತ್ಯದ ಹೆಸರು, ನೇಯ್ಗೆಯ ಹೆಸರು. ಅದು ನನಗೆ ಸಮಾಧಾನದ ಸಂಗತಿ.

ಅತ್ಯಾ ಒಂದು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕಪ್ಪು ರೇಷ್ಮೆ, ಮದುವೆಯ ಸೀರೆ. ಮ್ಯಾಟಿ ಬಟ್ಟೆಯ ಹಾಗೆ ಅಲ್ಲಿ ಮನೆಗಳಿಲ್ಲ. ನೇಯ್ಗೆಯ ನೂಲನ್ನೇ ಎಣಿಸಬೇಕು. ಪೆನ್ಸಿಲಿನ ಗುರುತಿಲ್ಲ, ಅಚ್ಚಿಲ್ಲ. ಕಪ್ಪಿನಲ್ಲಿ ಕಪ್ಪು ನೂಲು ಕಾಣಲೆಂದು ತೊಡೆಯ ಮೇಲೆ ಬಿಳಿ ಪಂಚೆಯನ್ನು ಹಾಸಿಕೊಂಡು ಅದರ ಮೇಲೆ ಸೀರೆ ಹಿಡಿಯುತ್ತಿದ್ದಳು. ಕೆಳಗಿನ ಬಿಳುಪಿಗೆ ನೂಲಿನ ಸಂದುಗಳು ಬೆಳಗುತ್ತಿದ್ದವು. (ಬಿಳಿ ಬಟ್ಟೆಯ ಕೆಲಸಕ್ಕೆ ನಾನೀಗ ಕಡುಬಣ್ಣದ ಬಟ್ಟೆ ಹಾಸಿಕೊಳ್ಳುತ್ತೇನೆ.) ಬೃಂದಾವನಕ್ಕೆ ಸೂಜಿ ಚುಚ್ಚುವ ಮೊದಲು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಗೆರೆ ಎಲ್ಲೆಲ್ಲಿ ಕವಲೊಡೆಯುತ್ತದೆ, ಯಾವ ಕವಲಿಗೆ ಹೋಗುವಾಗ ಹೋಗಿ ಬರಬೇಕು, ಯಾವುದನ್ನು ಹಿಂತಿರುಗುವಾಗ ಮುಗಿಸಬೇಕು ಎಂಬುದೆಲ್ಲ ಮೊದಲೇ ತಲೆಯಲ್ಲಿ ಕೂರಬೇಕು. ಲೆಕ್ಕ ಸರಿಯಾಗಿದ್ದರೆ ಸೂಜಿ ಪ್ರತಿ ಗೆರೆಯ ಮೇಲೂ ಎರಡು ಸಲ ನಡೆದು, ಹೊರಟ ತೂತಿಗೇ ಬಂದು ಸೇರುತ್ತದೆ. ಒಂದು ಕವಲು ಮರೆತರೆ ಅಲ್ಲಿ ಹಲ್ಲು ಬಿದ್ದ ಹಾಗೆ ಒಂದು ಮನೆ ಬಿಟ್ಟು ಒಂದು ಮನೆ ಖಾಲಿ ಉಳಿಯುತ್ತದೆ.

“ಹೋಗೂ ದಾರಿ ಹೇಳಿದಿ. ಬರೂ ದಾರಿ ಯಾವುದು, ಅದನ್ನ ಹೇಳು,” ಎಂದು ನನ್ನನ್ನು ಕೇಳುತ್ತಿದ್ದಳು. ಬೆರಳಲ್ಲಿ ತೋರಿಸುತ್ತ ಹೇಳಿ ಮುಗಿಸಿದ ಮೇಲೆಯೇ ಸೂಜಿ ಕೈಗೆ ಬರುತ್ತಿತ್ತು.

ಹಿಂತಿರುಗುವ ದಾರಿಯಲ್ಲಿ ಗೆರೆ ತುಸು ವಂಕಿಯಾಗುವ ಅಪಾಯವಿದೆ. ಮೊದಲ ನಡಿಗೆಯ ಹೊಲಿಗೆಗಳು ಆಗಲೇ ಕೂತಿರುತ್ತವೆ, ಎರಡನೆಯವು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ವಾಲುತ್ತವೆ. ಆಕೆಯ ಉಪಾಯ ಸರಳವಾಗಿತ್ತು. ಪ್ರತಿ ತೂತಿನಲ್ಲೂ ಹಳೆಯ ಹೊಲಿಗೆಯ ಮೇಲ್ಬದಿಯಲ್ಲಿ ಏಳಬೇಕು, ಕೆಳಬದಿಯಲ್ಲಿ ಇಳಿಯಬೇಕು, ಗೆರೆ ಮುಗಿಯುವ ತನಕ ಈ ಕ್ರಮ ತಪ್ಪಬಾರದು. ಆಗ ಎಲ್ಲ ಹೊಲಿಗೆಯೂ ಒಂದೇ ಅಳತೆಯಲ್ಲಿ ಒಂದೇ ಕಡೆ ಓರೆಯಾಗಿ, ಕಣ್ಣಿಗೆ ನೇರ ಗೆರೆಯೇ ಕಾಣುತ್ತದೆ. ನಾನೀಗ ಕ್ರಾಸ್ ಸ್ಟಿಚ್ಚಿನಲ್ಲೂ ಎಲೆಯ ನರ, ಮನೆಯ ಕಂಬದಂಥ ಬಿಡಿ ಗೆರೆಗಳಿಗೆ, ಹಿಂದುಗಡೆ ಕಾಣಬಹುದಾದ ಕರವಸ್ತ್ರ, ಟೇಬಲ್ ಬಟ್ಟೆಗಳಿಗೆ ಗವಂತಿಯನ್ನೇ ಹಾಕುತ್ತೇನೆ. ತುಂಬಿದ ಮೈಯ ಅಂಚಿಗೆ ಬ್ಯಾಕ್ ಸ್ಟಿಚ್ಚೇ ವಾಸಿ. ಅದರ ದಪ್ಪ ಬೆನ್ನು ಮುಂದಿನ ಗೆರೆಯನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ.

ಅತ್ಯಾ ತೀರಿಕೊಂಡು ಬಹಳ ವರ್ಷಗಳಾದವು. ಆಕೆಯ ಕಸೂತಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಅಂಗಡಿಯ ಗಾಜಿನ ಹಿಂದೆ ಬೆಲೆಯ ಚೀಟಿಯಿದೆ. ನನಗೆ ಸಂತೋಷವೇ. ಆದರೂ ಮಾನ್ಯತೆ ಹೊಲಿಗೆಯನ್ನು ಕಾಯಬಲ್ಲದೇ ಹೊರತು ಕಲಿಸಲಾರದು. ಕಲಿಸಲು ಪಕ್ಕದಲ್ಲಿ ಕೂರುವ ಒಬ್ಬರು ಬೇಕು, ಹೆಬ್ಬೆರಳನ್ನು ಹಿಡಿದು ಗೆರೆಯ ಮೇಲೆ ಇಡುವವರು ಬೇಕು.

ಕಳೆದ ಶ್ರಾವಣದಲ್ಲಿ ತಮ್ಮನ ಮಗಳು ಮಳೆಯ ರಜೆಗೆ ಬಂದು, ಹೊಲಿಗೆ ಕಲಿಸು ಎಂದು ಕೂತಾಗ ಟ್ರಂಕಿನಿಂದ ಗಿಳಿಯನ್ನು ತೆಗೆದೆ. ಬಟ್ಟೆ ಹಳದಿಗಟ್ಟಿತ್ತು, ಹಸಿರು ಮಾಸಿರಲಿಲ್ಲ. ಸಣ್ಣ ಕತ್ತರಿಯ ತುದಿಯಿಂದ ಕಪ್ಪು ಗೆರೆಯನ್ನು ಮೂರು ಹೊಲಿಗೆಗೊಮ್ಮೆ ಕತ್ತರಿಸಿ, ಹಿಂಬದಿಯಿಂದ ತುಣುಕು ತುಣುಕಾಗಿ ಹೆಕ್ಕಿದೆ. ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ, ದಪ್ಪ ಟವೆಲಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿದಾಗ ಬಾಯಿ ಬಿಟ್ಟಿದ್ದ ತೂತುಗಳು ಬಹುಪಾಲು ಕೂಡಿಕೊಂಡವು. ಬಟ್ಟೆಯನ್ನು ರಿಂಗಿಗೆ ಹಾಕಿ ಒಂದು ಮೊಳ ಕಡು ಹಸಿರು ಎಳೆ ಪೋಣಿಸಿದೆ. ನೆತ್ತಿಯಿಂದ ಶುರು ಮಾಡಿ ಬೆನ್ನಿನ ಬಾಗು ಇಳಿದು, ಬಾಲದ ತುದಿಗೆ ಹೋಗಿ, ಹೊಟ್ಟೆಯ ಮೇಲೆ ಹತ್ತಿ ಬರುವ ಹೊತ್ತಿಗೆ ಮೂರು ಮಧ್ಯಾಹ್ನಗಳಾದವು.

ಟೊಂಗೆಯನ್ನು ಮಾತ್ರ ಬಿಚ್ಚಲಿಲ್ಲ. ಅಲ್ಲಿ ಹಳೆಯ ಗೆರೆ ಹಾಗೇ ಇದೆ, ಎರಡು ಎಳೆಯದು, ಜಗ್ಗಿದ್ದು. ಹುಡುಗಿಗೆ ಕಣ್ಣು ಮುಚ್ಚಲು ಹೇಳಿ ಅವಳ ಬೆರಳನ್ನು ಮೊದಲು ಟೊಂಗೆಯ ಮೇಲೆ, ಆಮೇಲೆ ಗಿಳಿಯ ಬೆನ್ನಿನ ಮೇಲೆ ಆಡಿಸಿದೆ.

“ಇದು ಬಿಗದದ, ಅತ್ಯಾ,” ಅಂದಳು. “ಇದು ಮಲಗೇದ.”

ಅವಳ ಕೈಗೆ ಸೂಜಿ ಕೊಟ್ಟು, ಗಿಳಿಯ ಕಣ್ಣನ್ನು ಹಾಕಲು ಹೇಳಿದೆ. ಕಪ್ಪು ದಾರ, ಒಂದೇ ಎಳೆ. ಅವಳ ಎಡಗೈಯ ಹೆಬ್ಬೆರಳ ಉಗುರನ್ನು ತೂತಿನ ಪಕ್ಕ ಇಡಿಸಿ, ದಾರ ಬಂದು ತಾಗುವುದನ್ನು ಇಬ್ಬರೂ ಕಾಯುತ್ತ ಕೂತೆವು.